ಸೇಬಿನ ಬೀಜ ಊರುವ ಮೊದಲು

ಸೇಬು ತಿಂದ ಮೇಲೆ ಬೀಜವನ್ನು ಕುಂಡದಲ್ಲಿ ಊರಬೇಕು ಅಂತ ಮಕ್ಕಳಿಗೆ ಆಸೆ. ಊರಲಿ, ಬೇಡ ಅನ್ನಬೇಡಿ. ಆದರೆ ಸುಮ್ನೆ ಮಣ್ಣಿಗೆ ಹಾಕಿದರೆ ಅದು ಮೊಳೆಯುವುದು ಕಷ್ಟ. ಸೇಬಿನ ಬೀಜ ಒಂದು ಚಳಿಗಾಲ ಕಳೆದ ಮೇಲೆಯೇ ಕಣ್ಣು ಬಿಡುವುದು. ಅದಕ್ಕೆ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಎರಡು ಮೂರು ತಿಂಗಳು ಫ್ರಿಜ್‌ನಲ್ಲಿಡಿ. ಫ್ರೀಜರ್ ಬೇಡ. ಬಟ್ಟೆ ಒಣಗಬಾರದು. ಬಿಳಿ ಬೇರು ಇಣುಕಿದಾಗ ಕುಂಡಕ್ಕೆ ಹಾಕಿ.

ಆದರೆ ತಿಂದ ಹಣ್ಣೇ ಆ ಗಿಡದಲ್ಲೂ ಬಿಡುತ್ತದೆ ಅಂತ ಮಕ್ಕಳಿಗೆ ಹೇಳಬೇಡಿ. ಸೇಬಿನ ಹೂವು ಕಾಯಿ ಕಟ್ಟಲು ಸಾಮಾನ್ಯವಾಗಿ ಬೇರೆ ತಳಿಯ ಮರದ ಪರಾಗ ಬೇಕು. ಜೇನುಹುಳ ಅದನ್ನು ಎಲ್ಲಿಂದಲೋ ತಂದಿರುತ್ತದೆ. ಹಾಗಾಗಿ ಒಂದೇ ಹಣ್ಣಿನೊಳಗಿನ ಬೀಜಗಳೂ ಒಂದರಂತೆ ಇನ್ನೊಂದಿರುವುದಿಲ್ಲ. ವರ್ಷಗಟ್ಟಲೆ ಕಾದರೂ ಹುಳಿ ಕಾಯಿ ಸಿಗುವುದೇ ಜಾಸ್ತಿ.

ಒಳ್ಳೆಯ ರುಚಿ ಉಳಿಯುವುದು ಕಸಿಯಿಂದ. ನಮ್ಮ ಅಂಗಡಿಗಳಿಗೆ ಬರುವ ಕೆಂಪು ಡೆಲಿಷಿಯಸ್ ಸೇಬಿನ ಮೂಲ ಅಮೆರಿಕದ ಅಯೋವಾದಲ್ಲಿ, ಜೆಸ್ಸಿ ಹಯಾಟ್ ಎಂಬ ರೈತನ ತೋಟದಲ್ಲಿ ತಾನಾಗಿ ಹುಟ್ಟಿದ ಒಂದೇ ಒಂದು ಗಿಡ. ಸಾಲಿನಲ್ಲಿಲ್ಲ ಅಂತ ಅವನು ಅದನ್ನು ಕಡಿದನಂತೆ, ಅದು ಮತ್ತೆ ಚಿಗುರಿತಂತೆ. ಅದರ ಕುಡಿಯನ್ನು ಕಸಿ ಕಟ್ಟಿ ಕಟ್ಟಿಯೇ ಲೋಕದ ತುಂಬ ಮರಗಳಾದವು. ಅಮೆರಿಕದಿಂದ ಬಂದು ಇಲ್ಲೇ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರಲ್ಲಿ ಆ ತಳಿಯ ಸಸಿಗಳನ್ನು ಶಿಮ್ಲಾ ಬಳಿಯ ಕೋಟ್‌ಗಢದಲ್ಲಿ ನೆಟ್ಟರು. ಹಿಮಾಚಲದ ಎಷ್ಟೋ ಮನೆಗಳ ಬದುಕು ಅದರಿಂದಲೇ ಬದಲಾಯಿತು. ಎಂಥ ಬೆರಗಿನ ಮಾತು ಅಲ್ವಾ!

ಡೆಲಿಷಿಯಸ್ ಮರ ಚೆನ್ನಾಗಿ ಹೂ ಬಿಡಲು ಚಳಿಗಾಲದಲ್ಲಿ 7 ಡಿಗ್ರಿಗಿಂತ ಕಡಿಮೆ ಚಳಿ ಸುಮಾರು 1000 ಗಂಟೆ ಸಿಗಬೇಕು. ಬೆಂಗಳೂರಿನಲ್ಲಿ ಅದು ಆಗದ ಮಾತು. ಆಸೆ ಇದ್ದರೆ ಕಡಿಮೆ ಚಳಿ ಸಾಕಾಗುವ ಅನ್ನಾ, ಡಾರ್ಸೆಟ್ ಗೋಲ್ಡನ್ ತಳಿಗಳ ಕಸಿ ಸಸಿ ತನ್ನಿ. ಎರಡನ್ನೂ ಅಕ್ಕಪಕ್ಕ ನೆಡಿ, ಒಂದರ ಪರಾಗ ಇನ್ನೊಂದಕ್ಕೆ ಬೇಕು. ಹಿಮಾಚಲದ ಬಿಲಾಸಪುರದ ರೈತ ಹರಿಮನ್ ಶರ್ಮಾ ಬೆಳೆಸಿದ ಎಚ್‌ಆರ್‌ಎಂಎನ್-99 ತಳಿಯೂ ಬಿಸಿಲಿಗೆ ಹೊಂದಿಕೊಳ್ಳುತ್ತದೆ.

ಗಿಡ ದೊಡ್ಡದಾದ ಮೇಲೆ ಕತ್ತರಿ ಹಿಡಿಯುವಾಗ ಜೋಪಾನ. ಕೊಂಬೆಯ ಮೇಲೆ ಗಂಟುಗಂಟಾದ ಗಿಡ್ಡ ಕಡ್ಡಿಗಳು ಕಾಣುತ್ತವೆ. ಒಣಗಿದ್ದು ಅಂದುಕೊಂಡು ಕತ್ತರಿಸಬೇಡಿ, ವರ್ಷ ವರ್ಷವೂ ಹೂ ಬರುವುದು ಅಲ್ಲೇ. ಹಣ್ಣನ್ನೂ ಜಗ್ಗಬೇಡಿ. ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿ ಸ್ವಲ್ಪ ತಿರುಗಿಸಿ. ಬಲಿತಿದ್ದರೆ ತೊಟ್ಟಿನ ಸಮೇತ ಬರುತ್ತದೆ.

ಕಿತ್ತ ಮೇಲೂ ಸೇಬು ಉಸಿರಾಡುತ್ತಲೇ ಇರುತ್ತದೆ, ಎಥಿಲೀನ್ ಎಂಬ ಅನಿಲ ಬಿಡುತ್ತದೆ. ಸಪೋಟ, ಬೆಣ್ಣೆಹಣ್ಣು ಬೇಗ ಹಣ್ಣಾಗಬೇಕಾದರೆ ಕಾಗದದ ಚೀಲದಲ್ಲಿ ಒಂದು ಸೇಬಿನ ಜೊತೆ ಕಟ್ಟಿಡಿ. ಅದೇ ಅನಿಲ ಸೊಪ್ಪನ್ನು ಹಳದಿ ಮಾಡುತ್ತದೆ, ಕ್ಯಾರೆಟ್ಟನ್ನು ಕಹಿ ಮಾಡುತ್ತದೆ. ಅವುಗಳ ಜೊತೆ ಸೇಬು ಇಡಲೇಬೇಡಿ. ಬೇರೆ ಕವರಿನಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ಸೇಬು ಜಾಸ್ತಿ ದಿನ ಗರಿಯಾಗಿರುತ್ತದೆ. ಇನ್ನು ಜ್ಯೂಸ್ ಮಾಡುವಾಗ ನಡುಭಾಗ ತೆಗೆದೇ ಮಿಕ್ಸಿಗೆ ಹಾಕಿ. ಇಡೀ ಬೀಜ ಒಂದೆರಡು ನುಂಗಿದರೆ ಭಯವಿಲ್ಲ, ಅರೆದರೆ ಅದರಿಂದ ಸಯನೈಡ್ ವಿಷ ಬಿಡುಗಡೆಯಾಗುತ್ತದೆ.