ಟ್ಯೂಬ್ ಮೇಲೆ ಜ್ವರದ ದಿನ ಬರೆಸೋಕೆ ಎರಡು ಸೀಸನ್ ಬೇಕಾಯ್ತು

ಬೆಂಗಳೂರಲ್ಲಿ ಆರೇಳು ವರ್ಷ ಲ್ಯಾಬಲ್ಲಿ ಪಿಸಿಆರ್ (ಸ್ಯಾಂಪಲ್‌ನಲ್ಲಿ ವೈರಸ್ ಇದೆಯಾ ಅಂತ ನೋಡೋ ಪರೀಕ್ಷೆ) ಮಾಡ್ಕೊಂಡಿದ್ದವನು, ಉಣುಗು ಕಚ್ಚಿ ಬರೋ ಮಂಗನ ಕಾಯಿಲೆ ಕೆಲಸಕ್ಕೆ ಅಂತ ಸಾಗರದ ಕಡೆ ಹೊರಟಾಗ ನಮ್ಮ ಗೈಡ್ "ಆಶಾಗಳ ಹಿಂದೆ ಊರೂರು ಸುತ್ತೋಕೆ ಪಿಎಚ್‌ಡಿ ಬೇಕಿತ್ತೇನಪ್ಪಾ" ಅಂದ್ರು. ಸಂಬಳ 50 ಚಿಲ್ಲರೆ ಸಾವಿರ ಇದ್ದಿದ್ದು 32ಕ್ಕೆ ಇಳೀತು, ಅದೂ ಮೂರು ತಿಂಗಳಿಗೊಮ್ಮೆ ಬರೋದು, ಪೆಟ್ರೋಲ್‌ಗೆ ಕೈಯಿಂದ್ಲೇ ತಿಂಗಳಿಗೆ ನಾಲ್ಕು ಸಾವಿರ.

ಮೊದಲ ಸೀಸನ್ ಪೂರ್ತಿ ದಂಡ. ಒಂದ್ಸಲ ಸ್ಯಾಂಪಲ್ ಬಾಕ್ಸನ್ನ ಬಸ್ಸಿನ ಬಾನೆಟ್ ಮೇಲೆ ಇಟ್ಬಿಟ್ಟಿದ್ರು, ಐಸ್‌ಪ್ಯಾಕ್ ನೀರಾಗಿ 11 ಟ್ಯೂಬ್ ಹೋಯ್ತು. ಅದು ಬಿಡಿ. ತಲೆ ಕೆಡಿಸಿದ್ದು ನೆಗೆಟಿವ್‌ಗಳು. ದರಗು (ಒಣಗಿದ ಎಲೆ) ತರೋಕೆ ಬೆಟ್ಟಕ್ಕೆ ಹೋಗಿದ್ದಾರೆ, ಉಣುಗು ಕಚ್ಚಿದೆ, ಜ್ವರ ಬಂದು ಎರಡೇ ದಿನ ಅಂತಾರೆ, ಪಿಸಿಆರ್ ನೆಗೆಟಿವ್! ಪ್ರೈಮರ್ ಬದಲಾಯ್ಸಿದೆ, ಕಿಟ್ ಬದಲಾಯ್ಸಿದೆ, ಸುಮಾರು 40 ಸಾವಿರ ನೀರಲ್ಲಿ ಹೋಮ.

ಆಮೇಲೆ ಒಬ್ಬರು ಅಜ್ಜಿ ಸಿಕ್ಕಿದ್ರು. "ಹೋದ್ ಹೋದ್ ಸಂತೆಗೂ ಬಂದಿತ್ತು ತಮಾ, ಬಿಟ್ಟಿತ್ತು, ಈಗ ಮತ್ತೆ ತಲೆ ಸಿಡೀತಾ ಇದೆ" ಅಂದ್ರು. ಅಲ್ಲಿಗೆ ಹೊಳೀತು. ಈ ಕಾಯಿಲೇಲಿ ಕೆಲವರಿಗೆ ಒಂದೆರಡು ವಾರ ಬಿಟ್ಟು ಎರಡನೇ ಸುತ್ತು ಜ್ವರ ಬರುತ್ತಲ್ಲ, ಜನ ಹೇಳ್ತಿದ್ದ "ಎರಡೇ ದಿನ" ಆ ಎರಡನೇ ಸುತ್ತಿಂದು, ಅಷ್ಟೊತ್ತಿಗೆ ರಕ್ತದಲ್ಲಿ ವೈರಸ್ ಎಲ್ಲಿರುತ್ತೆ, ವೈರಸ್ ವಿರುದ್ಧ ಮೈ ಮಾಡ್ಕೊಳ್ಳೋ ಪ್ರತಿಕಾಯ, ಅಂದ್ರೆ ಐಜಿಎಂ ನೋಡ್ಬೇಕಿತ್ತು. ಪುಸ್ತಕದಲ್ಲಿ ನೂರು ಸಲ ಓದಿದ್ದೆ, ಲ್ಯಾಬಲ್ಲಿ ಕೂತಾಗ ಒಂದ್ಸಲಾನೂ ತಲೆಗೆ ಹೋಗಿರ್ಲಿಲ್ಲ. 1957ರಲ್ಲೇ ಸೊರಬದ ಕ್ಯಾಸನೂರು ಕಾಡಲ್ಲಿ ಸಿಕ್ಕಿದ ವೈರಸ್ಸು, ನಮ್ಮ ಕೈಗೆ ಬರ್ತಿದ್ದ ಚೀಟೀಲಿ ಮಾತ್ರ "ಮುಂಚೆ ಜ್ವರ ಬಂದಿತ್ತಾ" ಅನ್ನೋ ಕಾಲಂ ಇರ್ಲಿಲ್ಲ.

ಎರಡನೇ ಸೀಸನ್ನಿಂದ ತಾರೀಖು ಕೇಳೋದೇ ಬಿಟ್ವಿ, ಸಂತೆ ಲೆಕ್ಕದಲ್ಲಿ ಕೇಳೋದು. ಮೊದಲ ಸುತ್ತಿನ ದಿನ ಟ್ಯೂಬ್ ಮೇಲೇ ಬರೆಯೋದು, ವಾರದೊಳಗಿದ್ರೆ ಪಿಸಿಆರ್, ದಾಟಿದ್ರೆ ಐಜಿಎಂ ಹುಡುಕೋ ಎಲಿಸಾ ಪರೀಕ್ಷೇನೂ ಸೇರ್ಸೋದು. ಮೇಲಿನವರು "ಆಶಾಗಳ ಕೈಲಿ ಇದೆಲ್ಲ ಆಗಲ್ಲ" ಅಂದಿದ್ರು, ನನಗಿಂತ ಚೆನ್ನಾಗಿ ಅವರೇ ಕೇಳ್ತಾರೆ ಈಗ. ಮೊದಲು ಹತ್ತರಲ್ಲಿ ನಾಲ್ಕಾದ್ರೂ ಅನುಮಾನದಲ್ಲೇ ಉಳೀತಿದ್ವು, ಈಗ ಒಂದೋ ಎರಡೋ. ಮೇಲಿನವರನ್ನ ಹೇಗೆ ಒಪ್ಪಿಸಿದೆ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ.

ಮಧ್ಯೆ ಒಂದು ಹುಚ್ಚು: ಉಣುಗು ಸೆಳೆಯೋಕೆ ಡ್ರೈ ಐಸ್ ತರ್ಸಿದ್ದೆ, 1,800 ರೂಪಾಯಿ, ಘಾಟಿ ಹತ್ತಿ ಬರೋಷ್ಟ್ರಲ್ಲಿ ಅರ್ಧ ಹೊಗೆ. ಕೊನೆಗೆ ಬಿಳಿ ಫ್ಲಾನೆಲ್ ಬಟ್ಟೇನೇ ದರಗಿನ ಮೇಲೆ ಎಳ್ದೆ, ಮರಿ ಉಣುಗು ತುಂಬ ಹತ್ಕೊಂಡ್ವು. ಮನೆಯವಳು ಮಾತ್ರ ಬಟ್ಟೆನ ಮನೆ ಒಳಗೆ ತರ್ಬೇಡಿ ಅಂತ ಇನ್ನೂ ಬೈತಾ ಇದ್ದಾಳೆ.