ಮೆತ್ತಗಿದ್ದ ಹೊಟ್ಟೆ, ತಾಳಲಾಗದ ನೋವು

ತೂಕ ಇಳಿಸುವ ಶಸ್ತ್ರಚಿಕಿತ್ಸೆಯನ್ನು ಹಲವು ವರ್ಷಗಳಿಂದ ಮಾಡುತ್ತಿದ್ದರೂ, ಕರುಳಿನಿಂದ ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ ಮೊದಲ ರೋಗಿಯನ್ನು ಗುರುತಿಸುವಲ್ಲಿ ನಾನು ಒಂದು ದಿನ ತಡಮಾಡಿದೆ. ಜಠರದ ಬಹುಭಾಗವನ್ನು ಕತ್ತರಿಸಿ ಕೊಳವೆಯಂತೆ ಕಿರಿದಾಗಿಸುವ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಮಾಡಿಸಿಕೊಂಡು ಮೂರನೆಯ ದಿನ ಮನೆಗೆ ಹೋಗಿದ್ದ 38 ವರ್ಷದ ಆ ಮಹಿಳೆ ಹನ್ನೆರಡನೆಯ ದಿನ ಫೋನ್ ಮಾಡಿ, "ಡಾಕ್ಟರೇ, ಹೊಟ್ಟೆಯನ್ನು ಹಿಂಡಿದ ಹಾಗಾಗುತ್ತಿದೆ, ನೀರೂ ಇಳಿಯುತ್ತಿಲ್ಲ" ಎಂದರು. ಗ್ಯಾಸ್ ಇರಬೇಕು, ಗುಟುಕು ಗುಟುಕಾಗಿ ಕುಡಿಯಿರಿ ಎಂದು ಹೇಳಿ ನಾನು ಸುಮ್ಮನಾದೆ.

ಮರುದಿನ ಅವರನ್ನು ಕರೆತಂದಾಗ ನಾಲಿಗೆ ಒಣಗಿತ್ತು, ನಾಡಿ 116 ಇತ್ತು. ಆದರೆ ಹೊಟ್ಟೆ ಮುಟ್ಟಿದರೆ ಮೆತ್ತಗಿತ್ತು. ನೋವಿಗೂ ಹೊಟ್ಟೆಯ ಸ್ಥಿತಿಗೂ ಹೊಂದಾಣಿಕೆಯೇ ಇಲ್ಲದ ಈ ಲಕ್ಷಣವೇ ನನ್ನನ್ನು ಎಚ್ಚರಿಸಿತು. ಹೊಲಿಗೆ ಸೋರಿದೆಯೇ ಎಂದು ನೋಡುವ ಸಿಟಿ ಸ್ಕ್ಯಾನ್ ಅಷ್ಟೇ ಸಾಲದೆಂದು, ನಾಳಗಳು ಎದ್ದು ಕಾಣಲೆಂದು ಔಷಧಿ ಚುಚ್ಚಿದ ಸುಮಾರು 70 ಸೆಕೆಂಡಿನ ನಂತರ ಅಭಿಧಮನಿಗಳು ತುಂಬಿಕೊಳ್ಳುವ ಹಂತದ ಚಿತ್ರಗಳನ್ನೂ ಕೇಳಿ ಪಡೆದೆ. ಪೋರ್ಟಲ್, ಗುಲ್ಮದಿಂದ ಬರುವ ಸ್ಪ್ಲೀನಿಕ್ ಮತ್ತು ಕರುಳಿನಿಂದ ಬರುವ ಮೇಲಿನ ಮೆಸೆಂಟರಿಕ್ ಅಭಿಧಮನಿಗಳು ಮೂರರಲ್ಲೂ ಹೆಪ್ಪು ಕಂಡಿತು. ಆದರೆ ಕರುಳಿನ ಗೋಡೆಗೆ ರಕ್ತ ಹರಿಯುತ್ತಲೇ ಇತ್ತು, ರಕ್ತ ಸಿಗದೆ ಅಂಗಾಂಶ ಬಳಲಿದಾಗ ಏರುವ ಲ್ಯಾಕ್ಟೇಟ್ ಸಹಜವಾಗಿತ್ತು. ಆದ್ದರಿಂದ ಹೊಟ್ಟೆ ತೆರೆಯುವ ಅಗತ್ಯ ಬೀಳಲಿಲ್ಲ.

ಕಾರಣಗಳು ಒಂದರ ಮೇಲೊಂದು ಸೇರಿದ್ದವು: ಶಸ್ತ್ರಚಿಕಿತ್ಸೆಯ ವೇಳೆ ಹೊಟ್ಟೆಯಲ್ಲಿ ತುಂಬಿದ ಇಂಗಾಲದ ಡೈಆಕ್ಸೈಡ್ ಒತ್ತಡ ಆ ನಾಳಗಳ ಹರಿವನ್ನು ಕುಗ್ಗಿಸುತ್ತದೆ, ಗುಲ್ಮದ ಬದಿಯ ಸಣ್ಣ ರಕ್ತನಾಳಗಳನ್ನು ನಾವೇ ಕತ್ತರಿಸುತ್ತೇವೆ, ಮೇಲಾಗಿ ಆಕೆ ಸಾಕಷ್ಟು ನೀರು ಕುಡಿದಿರಲಿಲ್ಲ, ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುವ ಗರ್ಭನಿರೋಧಕ ಮಾತ್ರೆಯನ್ನೂ ನಿಲ್ಲಿಸಿರಲಿಲ್ಲ. ಮಾತ್ರೆಯ ವಿಷಯ ನಾನು ಮೊದಲೇ ಕೇಳಬೇಕಿತ್ತು.

ಡ್ರಿಪ್ ಹಾಕುವಾಗ, ದಿನಗಟ್ಟಲೆ ಆಹಾರವಿಲ್ಲದವರೆಂದು ಗ್ಲೂಕೋಸ್‌ಗೆ ಮೊದಲು ಥಯಮಿನ್ (ವಿಟಮಿನ್ ಬಿ1) ಕೊಟ್ಟೆವು. ಆ ದಿನದ ತೂಕ 110 ಕಿಲೋ ಇದ್ದುದರಿಂದ, ಕಿಲೋಗೆ 1 ಮಿಲಿಗ್ರಾಂನಂತೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎನೊಕ್ಸಪಾರಿನ್ ಅನ್ನು 110 ಮಿಲಿಗ್ರಾಂ 12 ಗಂಟೆಗೊಮ್ಮೆ ಚರ್ಮದಡಿ ಚುಚ್ಚಿದೆವು. ನಾಲ್ಕನೆಯ ದಿನಕ್ಕೆ ನೋವು ತಗ್ಗಿತು. ಜಠರ ಕಿರಿದಾದ ಮೇಲೆ ರಕ್ತ ತೆಳುಮಾಡುವ ಹೊಸ ಬಗೆಯ ಮಾತ್ರೆಗಳು ಎಷ್ಟರಮಟ್ಟಿಗೆ ಹೀರಲ್ಪಡುತ್ತವೆ ಎಂಬ ಅನುಮಾನ ನನಗಿದ್ದುದರಿಂದ, ಚುಚ್ಚುಮದ್ದನ್ನು ಕೆಲವು ವಾರ ಮುಂದುವರಿಸಿ, ಬಳಿಕ ರಕ್ತ ಹೆಪ್ಪುಗಟ್ಟುವ ವೇಗವನ್ನು ಅಳೆಯುವ ಐಎನ್‌ಆರ್ 2ರಿಂದ 3ರೊಳಗೆ ನಿಲ್ಲುವಂತೆ ಹಳೆಯ ಮಾತ್ರೆಯಾದ ವಾರ್ಫರಿನ್‌ಗೆ ಬದಲಾಯಿಸಿದೆ. ಅದು ನಿಲ್ಲುವುದು ಸುಲಭವಿರಲಿಲ್ಲ. ಒಂದು ವಾರ ಬರೀ ಗಂಜಿ, ಮುಂದಿನ ವಾರ ದಿನವೂ ಸೊಪ್ಪಿನ ಬಸ್ಸಾರು ಎಂದಾದರೆ ವಾರ್ಫರಿನ್‌ಗೆ ಎದುರಾಗಿ ಕೆಲಸ ಮಾಡುವ ವಿಟಮಿನ್ ಕೆ ಏರುಪೇರಾಗಿ ಅಂಕಿಯೂ ಕುಣಿಯುತ್ತದೆ. ಸೊಪ್ಪು ಬಿಡಬೇಡಿ, ಪ್ರಮಾಣ ಮಾತ್ರ ಒಂದೇ ಸಮವಿರಲಿ ಎಂದು ಅವರ ಅತ್ತೆಯವರಿಗೆ ಬಿಡಿಸಿ ಹೇಳಬೇಕಾಯಿತು.

ಮೂರು ತಿಂಗಳ ಸ್ಕ್ಯಾನಿನಲ್ಲಿ ಪೋರ್ಟಲ್ ನಾಳ ತೆರೆದಿತ್ತು. ಸ್ಪ್ಲೀನಿಕ್ ಮುಚ್ಚಿಯೇ ಇದ್ದು, ಪಕ್ಕದಲ್ಲಿ ಸಣ್ಣ ನಾಳಗಳು ಬೆಳೆದಿದ್ದವು. ಅವು ಜಠರದೊಳಗೆ ಉಬ್ಬಿ ರಕ್ತಸ್ರಾವವಾಗದಿರಲೆಂದು ಎಂಡೋಸ್ಕೋಪಿ ಮಾಡಿ ನೋಡಿದೆವು. ಆರು ತಿಂಗಳಿಗೆ ವಾರ್ಫರಿನ್ ನಿಲ್ಲಿಸಿದೆವು.

ಈಗ ನನ್ನ ರೋಗಿಗಳು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯನ್ನು ಶಸ್ತ್ರಚಿಕಿತ್ಸೆಗೆ ನಾಲ್ಕು ವಾರ ಮೊದಲೇ ನಿಲ್ಲಿಸುತ್ತಾರೆ. ಏಳನೆಯ ಮತ್ತು ಹದಿನಾಲ್ಕನೆಯ ದಿನ ನಮ್ಮ ನರ್ಸ್ ಫೋನ್ ಮಾಡಿ, ನೋವಿನ ಮಾತಿಗೂ ಮೊದಲು, ಬೆಳಗ್ಗಿನಿಂದ ಎಷ್ಟು ಸಲ ಮೂತ್ರವಾಯಿತು ಎಂದು ಕೇಳುತ್ತಾರೆ.