ಗೆಳೆಯರ ಹಾಡು ಕೇಳಿ ಅಭಿಪ್ರಾಯ ಹೇಳುವ ಬಗೆ

ಗೆಳೆಯರು ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸಿದ ಹಾಡನ್ನು ಮೊದಲ ಸಲ ಕೇಳುವಾಗ ಸಾಹಿತ್ಯದ ಹಾಳೆ ಮುಂದಿಟ್ಟುಕೊಳ್ಳಬೇಡಿ. ಹಾಡಿನ ಜೊತೆಗೇ ಅದನ್ನೂ ಕಳಿಸಿದ್ದರೆ ತೆರೆಯದೆ ಹಾಗೇ ಬಿಡಿ. ಒಂದು ಪೆನ್ನು, ಹಳೇ ಬಿಲ್ ಪುಸ್ತಕದ ಹಿಂಬದಿ ಸಾಕು. ಹಾಡು ಓಡುತ್ತಿರುವಾಗ ಕಿವಿಗೆ ಬಿದ್ದ ಪದಗಳನ್ನು ಬಿದ್ದ ಹಾಗೇ ಗೀಚಿಕೊಳ್ಳಿ. ಇದು ಹೀಗಿರಲಾರದು ಅನ್ನಿಸಿದರೂ ತಿದ್ದಬೇಡಿ. ಹಾಡು ಬರೆದವರಿಗೆ ಬೇಕಾಗಿರೋದು ಆ ತಪ್ಪು ಕೇಳಿಸಿಕೊಂಡ ಪದವೇ. ಹಾಳೆ ನೋಡಿಕೊಂಡು ಕೇಳಿದರೆ ಕಣ್ಣು ಓದಿದ್ದನ್ನೇ ಕಿವಿ ಕೇಳಿದೆ ಅಂದುಕೊಳ್ಳುತ್ತೆ. ಬರೆದವರಿಗಂತೂ ಪ್ರತಿ ಪದವೂ ಬಾಯಿಪಾಠ. ತಮ್ಮ ಹಾಡನ್ನು ಹೊಸಬರ ಹಾಗೆ ಕೇಳೋದು ಅವರಿಂದ ಆಗದ ಕೆಲಸ, ಅದನ್ನು ನಾವು ಮಾಡಿಕೊಡಬಹುದು.

ನನ್ನದು ದಾವಣಗೆರೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಭಾನುವಾರ ಮಧ್ಯಾಹ್ನ ಶಟರ್ ಅರ್ಧ ಇಳಿಸಿ ನಾವು ಐದು ಜನ ಕೂರುತ್ತೇವೆ. ಹರಿಹರದಿಂದ ಬರುವ ನಿವೃತ್ತ ಮೇಷ್ಟ್ರು, ನರ್ಸ್ ಕೆಲಸದ ಅಕ್ಕ, ಆಟೊ ಓಡಿಸುವ ತಮ್ಮ, ಫೋನಿನಲ್ಲೇ ಬೀಟ್ ಕಟ್ಟುವ ಡಿಪ್ಲೊಮಾ ಹುಡುಗ, ಮತ್ತೆ ನಾನು. ಯಾರೂ ಆಕಾಶವಾಣಿಯ ಗ್ರೇಡ್ ಕಲಾವಿದರಲ್ಲ. ಬರೆಯೋದು, ಧಾಟಿ ಹಾಕೋದು, ಹಾಡೋದು, ರೆಕಾರ್ಡ್ ಮಾಡೋದು ಎಲ್ಲ ಹೆಚ್ಚಾಗಿ ಒಬ್ಬೊಬ್ಬರದ್ದೇ. ಕೆಳಗೆ ಹೇಳಿರೋದೆಲ್ಲ ಆ ಕೂಟದಲ್ಲಿ ರೂಢಿಯಾದ ಕ್ರಮ.

ಪದ ಗೀಚಿಕೊಳ್ಳೋದರ ಲಾಭ ಏನು ಅಂತ ಒಂದು ಉದಾಹರಣೆ ಹೇಳುತ್ತೇನೆ. ಆಟೊ ತಮ್ಮನ ಹಾಡಿನಲ್ಲಿ ‘ಬಳೆಯ ಸದ್ದು ಬಂತು ಬೀದಿಗೆ’ ಅಂತ ಒಂದು ಸಾಲು. ಧಾಟಿ ಚೆನ್ನಾಗಿತ್ತು, ಆದರೆ ಸಾಲಿನ ಮೊದಲ ಸ್ವರ ಉದ್ದ. ‘ಬ’ ಅಷ್ಟು ಹೊತ್ತು ನಿಂತರೆ ‘ಬಾ’ ಆಗದೆ ಇರುತ್ತಾ? ನಾವು ನಾಲ್ಕೂ ಜನ ‘ಬಾಳೆಯ ಸದ್ದು’ ಅಂತ ಬರೆದುಕೊಂಡಿದ್ದೆವು. "ಬಾಳೆ ಎಂಥ ಸದ್ದು ಮಾಡ್ತತಪ್ಪಾ?" ಅಂತ ಮೇಷ್ಟ್ರು ಕೇಳಿದರು. ಹೇಗೆ ಸರಿ ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಮುಂದಿನ ಸಲ ಅವನೇ ‘ಗಾಜಿನ ಬಳೆ ಸದ್ದು’ ಅಂತ ತಂದ. ಈಗ ಉದ್ದದ ಸ್ವರ ‘ಗಾ’ ಮೇಲೆ ಕೂತಿದೆ, ‘ಬಳೆ’ ಚಿಕ್ಕ ಸ್ವರಗಳ ಮೇಲೆ ಓಡಿಹೋಗುತ್ತೆ. ನಮ್ಮ ಭಾಷೆಯಲ್ಲಿ ಹ್ರಸ್ವ-ದೀರ್ಘ ಅದಲುಬದಲಾದರೆ ಪದವೇ ಬೇರೆ: ನಡು-ನಾಡು, ಹಳೆ-ಹಾಳೆ, ಮರ-ಮಾರ. ಪದದ ಕೊನೆಯ ಅಕ್ಷರ ಎಳೆದರೆ ಹೆಚ್ಚಿನ ಸಲ ಕಿವಿ ಕ್ಷಮಿಸುತ್ತೆ. ಮೊದಲ ಅಕ್ಷರದಲ್ಲಿ ಎಳೆದಿದ್ದಾರಾ ಅಂತ ಮಾತ್ರ ಗಮನವಿಟ್ಟು ಕೇಳಿ.

ಉಸಿರು ತೆಗೆದುಕೊಳ್ಳುವ ಜಾಗವನ್ನೂ ಗುರುತು ಹಾಕಿ. ಅಕ್ಕನ ಒಂದು ಹಾಡಿನಲ್ಲಿ ‘ಮರೆಯಲಾರೆ’ ಅನ್ನೋ ಪದ ಎರಡು ತುಂಡಾಗಿ ಬರುತ್ತಿತ್ತು. ‘ಮರೆಯಲಾ’ ಅಂದು ಉಸಿರೆಳೆದು, ಆಮೇಲೆ ‘ರೆ’. ಕೇಳುವವರಿಗೆ ಅರ್ಧ ಸೆಕೆಂಡು ‘ಮರೆತುಬಿಡಲಾ?’ ಅನ್ನೋ ಪ್ರಶ್ನೆ ಕೇಳಿಸುತ್ತೆ, ಅಂದರೆ ಹಾಡು ಹೇಳಹೊರಟಿದ್ದರ ಪೂರ್ತಿ ಉಲ್ಟಾ. ಇಂಥದ್ದು ಹಾಡಿದವರಿಗೆ ಗೊತ್ತೇ ಆಗೋದಿಲ್ಲ.

ಹೇಳೋದು ಹೇಗೆ

"ಸೂಪರ್", "ಫೀಲ್ ಇಲ್ಲ", "ಲಯ ಸ್ವಲ್ಪ ನೋಡ್ಕೊಳ್ಳಿ". ಈ ಮೂರನ್ನೂ ನಮ್ಮ ಅಂಗಡಿಯಲ್ಲಿ ನಿಷೇಧ ಮಾಡಿದ್ದೇವೆ. ಅಂಗಡಿಗೆ ಬರುವ ಗಿರಾಕಿಗಳಲ್ಲಿ ಎರಡು ಥರ. ಒಬ್ಬ ಪಂಪು ತಂದಿಟ್ಟು "ಸರಿ ಇಲ್ಲ, ನೋಡಿ" ಅಂತ ಹೋಗಿಬಿಡುತ್ತಾನೆ. ಇನ್ನೊಬ್ಬ "ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತೆ, ತಿರುಗಲ್ಲ, ಕೈಯಿಂದ ಒಂದು ಸುತ್ತು ಕೊಟ್ಟರೆ ಓಡುತ್ತೆ" ಅನ್ನುತ್ತಾನೆ. ಎರಡನೆಯವನ ಮಾತು ಕೇಳಿದ ಕೂಡಲೇ ನಾನು ಮೋಟಾರಿಗೆ ಮೊದಲ ತಳ್ಳು ಕೊಡುವ ಕೆಪಾಸಿಟರ್ ಕಡೆ ಕೈ ಹಾಕುತ್ತೇನೆ. ಅವನಿಗೆ ವೈಂಡಿಂಗ್ ಬರಬೇಕಿಲ್ಲ, ಆಗಿದ್ದನ್ನು ಆದ ಹಾಗೆ ಹೇಳಿದರೆ ಆಯಿತು. ಹಾಡಿನ ವಿಷಯದಲ್ಲೂ ಕೇಳಿದವರು ಅಷ್ಟು ಮಾಡಿದರೆ ಸಾಕು.

ಹಾಗಾಗಿ ಮೊದಲು ಸಮಯ ಬರೆಯಿರಿ, ಆಮೇಲೆ ಅಲ್ಲಿ ನಿಮಗೇನಾಯಿತು ಅಂತ ಬರೆಯಿರಿ. "1:10ರ ಹತ್ತಿರ ಗಮನ ಬೇರೆ ಕಡೆ ಹೋಯಿತು, ಪಲ್ಲವಿ ವಾಪಸ್ ಬಂದಾಗ ಮತ್ತೆ ಕೇಳತೊಡಗಿದೆ." "ಎರಡನೇ ಚರಣದಲ್ಲಿ ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ಗೊತ್ತಾಗಲಿಲ್ಲ." "2:25ರಲ್ಲಿ ಕೊಳಲು ಬಂದ ಕೂಡಲೇ ಹಾಡು ಮುಗಿಯಿತು ಅಂದುಕೊಂಡೆ." ಇದರಲ್ಲಿ ಯಾವುದೂ ತೀರ್ಪಲ್ಲ, ಹಾಗಾಗಿ ಜಗಳಕ್ಕೆ ಅವಕಾಶವೂ ಕಡಿಮೆ. ಗಮನ ಹೋಗಿಲ್ಲ, ಹೋಗಿದೆ ಅಂತ ಬೇರೆ ಯಾರು ವಾದ ಮಾಡೋಕಾಗುತ್ತೆ?

ಹೊಗಳುವಾಗಲೂ ಇದೇ ಲೆಕ್ಕ. "0:48ರಲ್ಲಿ ತಬಲ ನಿಂತು ಬರೀ ಧ್ವನಿ ಉಳಿದಾಗ ಮೈ ಜುಂ ಅಂತು" ಅಂದರೆ, ಮಾಡಿದವರು ಮುಂದಿನ ತಿದ್ದುವಿಕೆಯಲ್ಲಿ ಆ ಜಾಗವನ್ನು ಮುಟ್ಟೋದಿಲ್ಲ. ಬರೀ "ಚೆನ್ನಾಗಿದೆ" ಅಂದರೆ ಚೆನ್ನಾಗಿದ್ದ ಜಾಗವನ್ನೇ ಕೆಡಿಸಿಕೊಂಡು ಬರುವ ಸಂಭವ ಉಂಟು.

ಪರಿಹಾರ ಕೇಳಿದರೆ ಮಾತ್ರ ಹೇಳಿ. ಇದು ನನಗೆ ಕಷ್ಟದ ನಿಯಮ, ಬಾಯಿ ತುರಿಸುತ್ತೆ. ಆದರೂ ಇನ್ನೊಬ್ಬರ ಧಾಟಿಯನ್ನು ನಿಮ್ಮ ಧಾಟಿಯಲ್ಲಿ ಹಾಡಿ ತೋರಿಸಿದಿರೋ, ಅವರ ಕಿವಿಯಿಂದ ಅದು ವಾರಗಟ್ಟಲೆ ಇಳಿಯೋದಿಲ್ಲ. ಶ್ರುತಿಯ ವಿಷಯ ಇದಕ್ಕೆ ಹೊರತು. "ಪಲ್ಲವಿಯಲ್ಲಿ ಮೇಲಿನ ಷಡ್ಜ (ಸ) ಪ್ರತಿ ಸಲ ಸ್ವಲ್ಪ ಕೆಳಗೇ ನಿಲ್ಲುತ್ತೆ, ಶ್ರುತಿಯನ್ನು ಹಾರ್ಮೋನಿಯಂನ ಕರಿ ಮನೆ ನಾಲ್ಕರಿಂದ ಮೂರಕ್ಕೆ ಇಳಿಸಿ ನೋಡಕ್ಕಾ" ಅಂತ ಹೇಳಿದರೆ ಹಾಡು ಅವರದ್ದಾಗಿಯೇ ಉಳಿಯುತ್ತೆ, ಗಂಟಲಿಗೂ ಆರಾಮ.

ಹಾಡಿನ ದೋಷವೋ ರೆಕಾರ್ಡಿಂಗ್ ದೋಷವೋ

ಮನೆಯಲ್ಲಿ ಮಾಡಿದ ರೆಕಾರ್ಡಿಂಗಿನಲ್ಲಿ ಇವೆರಡೂ ಕಲಸಿಕೊಂಡಿರುತ್ತವೆ. "ತಾಳ ತಪ್ಪುತ್ತಿದೆ" ಅಂತ ಹೇಳುವ ಮೊದಲು ಧ್ವನಿ ಹೇಗೆ ತಪ್ಪುತ್ತಿದೆ ಅಂತ ಕೇಳಿ. ಹಾಡಿನುದ್ದಕ್ಕೂ ಒಂದೇ ಅಳತೆಯಲ್ಲಿ ಹಿಂದೆ ಬೀಳುತ್ತಿದ್ದರೆ ಹಾಡಿದವರ ತಪ್ಪು ಇರಲಾರದು, ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಹಾಡಿರುತ್ತಾರೆ. ಅದರಲ್ಲಿ ಹಿನ್ನೆಲೆಯ ಟ್ರ್ಯಾಕು ಕಿವಿಗೆ ತಡವಾಗಿ ತಲುಪುತ್ತೆ, ಸೆಕೆಂಡಿನ ಹತ್ತನೇ ಒಂದೋ ಎರಡೋ ಭಾಗದಷ್ಟು. ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ ಒಂದು ಪೆಟ್ಟಿಗೆ ಅರ್ಧ ಸೆಕೆಂಡು. ಅದರಲ್ಲಿ ಇಷ್ಟು ತಡ ಅಂದರೆ ಎದ್ದು ಕಾಣುತ್ತೆ. ವೈರ್ ಇರುವ ಇಯರ್‌ಫೋನ್ ಹಾಕಿ ಮತ್ತೆ ಹಾಡಲಿ, ಇಲ್ಲವೇ ಬ್ಯಾಂಡ್‌ಲ್ಯಾಬ್‌ನಲ್ಲೋ ಆಡಾಸಿಟಿಯಲ್ಲೋ (ಇವು ರೆಕಾರ್ಡಿಂಗ್ ಆ್ಯಪುಗಳು) ಧ್ವನಿಯ ಟ್ರ್ಯಾಕನ್ನು ಅಷ್ಟೇ ಹೊತ್ತು ಮೊದಲೇ ಶುರುವಾಗುವ ಹಾಗೆ ಎಳೆಯಲಿ. ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಹೋಗುತ್ತಿದ್ದರೆ ಆಗ ಹೇಳಿ: ತಾಳ ಹಾಕಿಕೊಂಡು ಅಭ್ಯಾಸ ಬೇಕು ಅಂತ.

ಗುಂಯ್ ಸದ್ದಿನ ಬಗ್ಗೆ ನಾನು ಮಾತಾಡದಿದ್ದರೆ ಹೇಗೆ! ನಮ್ಮ ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸಲ ಆಡುತ್ತೆ, ಅದು ರೆಕಾರ್ಡಿಂಗಿಗೆ ನುಸುಳಿದರೆ ಗುಂಯ್ ಅನ್ನುತ್ತೆ. ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿದ್ದರಲ್ಲಿ ಸ್ವಲ್ಪವೂ ಏರಿಳಿತ ಇಲ್ಲದ ಗುಂಯ್ ಕೇಳಿಸಿದರೆ, ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಲು ಹೇಳಿ. ಸದ್ದು ಹೋಯಿತೋ, ಅರ್ಥಿಂಗ್ ಇಲ್ಲದ ಸಾಕೆಟ್ ಅಥವಾ ಚಾರ್ಜರಿನದೇ ಕಾಟ. ಅಲೆ ಅಲೆಯಾಗಿ ಬರುವ ಸದ್ದಾದರೆ ಫ್ಯಾನು. ಬಾವಿಯೊಳಗಿಂದ ಹಾಡಿದ ಹಾಗಿದ್ದರೆ ಗ್ರಾನೈಟ್ ನೆಲ, ಬೋಳು ಗೋಡೆಯ ಕೋಣೆ. ಹಾಡುವವರ ಬೆನ್ನ ಹಿಂದೆ ಒಂದು ದಪ್ಪ ಕೌದಿ ನೇತುಹಾಕಿದರೆ ಅರ್ಧಕ್ಕರ್ಧ ಇಳಿಯುತ್ತೆ. ಸೀರೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಮುಂದೆ ಹಾಡಿದರೂ ನಡೆಯುತ್ತೆ. ಭ, ಫ, ಧ ಬಂದಲ್ಲೆಲ್ಲ ಡಬ್ ಅಂತ ಗಾಳಿ ಹೊಡೆದರೆ ಮೈಕನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಇಡಬೇಕು.

ಆದರೆ "ಧಾಟಿ ಮಾತ್ರ ನೋಡಿ" ಅಂತ ಕಳಿಸಿದವರಿಗೆ ಫ್ಯಾನಿನ ಸದ್ದಿನ ಬಗ್ಗೆ ಉಪನ್ಯಾಸ ಬೇಡ. ಅವರಿನ್ನೂ ಗುನುಗಿಕೊಳ್ಳುತ್ತಿದ್ದಾರೆ. ಹಾಗೆಯೇ, ನೀವು ಯಾವುದರಲ್ಲಿ ಕೇಳಿದಿರಿ ಅಂತ ಮೊದಲ ಸಾಲಿನಲ್ಲೇ ತಿಳಿಸಿ. ಫೋನಿನ ಸ್ಪೀಕರಿನಲ್ಲಿ ತಗ್ಗಿನ ಸದ್ದೇ ಬರೋದಿಲ್ಲ, ಅದರಲ್ಲಿ ಕೇಳಿ "ಬೇಸ್ ಇಲ್ಲ" ಅಂದರೆ ಹುಡುಗ ಪಾಪ ರಾತ್ರಿಯೆಲ್ಲ ಕೂತು ಬೇಸ್ ಏರಿಸುತ್ತಾನೆ.

ಏಳೂ ಎಂಟೂ

ನಮ್ಮಲ್ಲಿ ಹೆಚ್ಚು ಹೊತ್ತು ಹಿಡಿಯೋದು ಮೇಷ್ಟ್ರ ಸಾಹಿತ್ಯಕ್ಕೆ ಹುಡುಗ ಬೀಟ್ ಹಾಕಿದಾಗ. ಮೇಷ್ಟ್ರು ಭಾಮಿನಿ ಷಟ್ಪದಿಯಲ್ಲಿ ಬೆಳೆದವರು, ಮೂರು-ನಾಲ್ಕು ಮಾತ್ರೆ (ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ) ಅವರಿಗೆ ಉಸಿರಾಟದಷ್ಟು ಸಹಜ. ‘ಊರ ಕೆರೆಯಲಿ ಚಂದ್ರ ತೇಲಿದ’ ಅಂತ ಬರೆದರು. ಊರ ಮೂರು, ಕೆರೆಯಲಿ ನಾಲ್ಕು, ಚಂದ್ರ ಮೂರು, ತೇಲಿದ ನಾಲ್ಕು. ಏಳು ಎಣಿಕೆಯ ಮಿಶ್ರಛಾಪು ತಾಳಕ್ಕೆ ಹೇಳಿ ಮಾಡಿಸಿದ ಸಾಲು. ಹುಡುಗನ ಫೋನಿನಲ್ಲಿ ಇದ್ದ ಲೂಪ್ (ಸುತ್ತಿ ಸುತ್ತಿ ಬರುವ ಬೀಟ್) ನಾಲ್ಕು-ನಾಲ್ಕರದ್ದು, ಅಂದರೆ ಎಂಟು. ಎರಡೂ ಸೇರಿಸಿದ ಮೇಲೆ ಕೇಳಿ ಎಲ್ಲರೂ "ಏನೋ ಎಡವುತ್ತಿದೆ" ಅಂದರು. ಮೇಷ್ಟ್ರು ಬೀಟ್ ಸರಿ ಇಲ್ಲ ಅಂದರು, ಹುಡುಗ ಸಾಹಿತ್ಯ ಚಿಕ್ಕದಾಯಿತು ಅಂದ.

ಇಂಥ ಹೊತ್ತಲ್ಲಿ ಅಭಿಪ್ರಾಯ ನಿಲ್ಲಿಸಿ ಕೈ ತಟ್ಟಿ. ಸಾಲನ್ನು ಧಾಟಿ ಇಲ್ಲದೆ ಮಾತಿನ ಹಾಗೆ ಹೇಳುತ್ತಾ, ಬೀಟ್ ಓಡಿಸಿ, ಯಾವ ಅಕ್ಷರ ಪೆಟ್ಟಿನ ಮೇಲೆ ಬೀಳುತ್ತೆ ನೋಡಿ. ನಾವು ಹಾಗೆ ಮಾಡಿದಾಗ ತೊಂದರೆ ಎಲ್ಲರ ಕಣ್ಣಿಗೂ ಬಿತ್ತು. ಪ್ರತಿ ಮೂರಕ್ಕೂ ಒಂದು ಮಾತ್ರೆ ಕೊರತೆ. ಆ ಕೊರತೆ ತುಂಬೋಕೆ ಹುಡುಗ ‘ಊರಾ’ ಅಂತ ಕೊನೆಯಲ್ಲಿ ಎಳೆದಿದ್ದ, ಅದು ಊರನ್ನು ಕೂಗಿ ಕರೆದ ಹಾಗಿತ್ತು. ‘ಊ’ ಹೇಗೂ ದೀರ್ಘ, ಅದನ್ನೇ ಇನ್ನೊಂದು ಮಾತ್ರೆ ಎಳೆದು ‘ರ’ವನ್ನು ಚಿಕ್ಕದಾಗಿ ಬಿಟ್ಟರೆ ಅರ್ಥಕ್ಕೆ ಧಕ್ಕೆ ಇಲ್ಲ. ‘ಚಂದ್ರ’ದಲ್ಲಿ ಮಾತ್ರ ‘ಚಂ’ ಎಳೆದರೆ ಮೂಗಿನ ಸದ್ದೇ ಉದ್ದವಾಯಿತು. ಅಲ್ಲಿ ಎಳೆಯದೆ, ಪದದ ಮುಂಚೆ ಒಂದು ಮಾತ್ರೆ ಖಾಲಿ ಬಿಟ್ಟ. ಆ ಖಾಲಿ ಜಾಗ ಈಗ ಹಾಡಿನ ಚೆಂದದ ಜಾಗಗಳಲ್ಲಿ ಒಂದು. ಮೇಷ್ಟ್ರಿಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲ. "ಏಳಕ್ಕೆ ಏಳೇ ಚೆಂದ" ಅನ್ನುತ್ತಾರೆ, ನನ್ನ ಓಟೂ ಅವರಿಗೇ.

ಇಷ್ಟವಿಲ್ಲದ ಪ್ರಕಾರದ ಹಾಡು ಬಂದರೆ ಮೊದಲೇ ಹೇಳಿಬಿಡಿ. ನನಗೆ ರ‍್ಯಾಪ್ ಒಗ್ಗೋದಿಲ್ಲ, ಹುಡುಗನಿಗೆ ಅದು ಗೊತ್ತು, ಹಾಗಾಗಿ ಪದ ಸ್ಪಷ್ಟವಾಗಿ ಕೇಳುತ್ತಾ ಇಲ್ಲವಾ ಅನ್ನೋದಷ್ಟನ್ನೇ ನನ್ನಿಂದ ತೆಗೆದುಕೊಳ್ಳುತ್ತಾನೆ. ಯಾವುದೋ ಸಿನಿಮಾ ಹಾಡಿನ ಹಾಗಿದೆ ಅನ್ನಿಸಿದರೆ ಎಲ್ಲರ ಮುಂದೆ ಕೂಗಬೇಡಿ, ಪಕ್ಕಕ್ಕೆ ಕರೆದು ಯಾವ ಸಾಲು, ಎಷ್ಟು ಸ್ವರ ಅಂತ ಹೇಳಿ. ಮೋಹನ ರಾಗದಲ್ಲಿ ಇರೋದೇ ಐದು ಸ್ವರ. ಒಂದು ತಿರುವು ಹೋಲಿದ ಮಾತ್ರಕ್ಕೆ ಕದ್ದ ಹಾಗಲ್ಲ. ಪಲ್ಲವಿಯ ಇಡೀ ಸಾಲು ತಾಳ ಸಮೇತ ಹೋಲಿದರೆ ಬದಲಿಸಲೇಬೇಕು. ತೀರಿಹೋದವರ ಮೇಲೆ ಬರೆದ ಹಾಡು ಬಂದರೆ, ಅಭಿಪ್ರಾಯ ಬೇಕಾ ಅಥವಾ ಸುಮ್ಮನೆ ಕೇಳಬೇಕಾ ಅಂತ ಕೇಳಿಕೊಂಡೇ ಬಾಯಿ ತೆರೆಯಿರಿ.

ಹಾಡು ಕಳಿಸುವವರಿಗೆ

ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜಾಗಿ ಹಾಡಬೇಡಿ, ಅದು ಮಾತಿಗೆಂದು ಹಿಂಡಿ ಚಿಕ್ಕದು ಮಾಡಿದ ಸದ್ದು. ಎಂಪಿ3 ಮಾಡಿ ‘ಡಾಕ್ಯುಮೆಂಟ್’ ಅಂತ ಕಳಿಸಿದರೆ ಫೈಲು ಇದ್ದ ಹಾಗೇ ತಲುಪುತ್ತೆ. ನಾಲ್ಕು ನಿಮಿಷದ ಹಾಡು ವೇವ್ ಫೈಲಾದರೆ (ಹಿಂಡದೆ ಇಟ್ಟ ಸದ್ದು) ಸುಮಾರು 40 ಎಂಬಿ, ಒಳ್ಳೆ ಗುಣಮಟ್ಟದ 320 ಕೆಬಿಪಿಎಸ್ ಎಂಪಿ3 ಆದರೆ 10 ಎಂಬಿಯೊಳಗೆ. ಜೊತೆಗೆ ಎರಡೇ ಪ್ರಶ್ನೆ ಬರೆಯಿರಿ. "ಹೇಗಿದೆ?" ಅನ್ನೋದು ಪ್ರಶ್ನೆಯ ಲೆಕ್ಕಕ್ಕಿಲ್ಲ. "ಎರಡನೇ ಚರಣ ಬೇಕಾ?", "ಕೊನೆಯ ಪಲ್ಲವಿ ಎರಡು ಸಲ ಬಂದಿದ್ದು ಹೆಚ್ಚಾಯಿತಾ?" ಇಂಥವು ಇರಲಿ.

ಬೇರೆಯವರು ಮಾತಾಡುವಾಗ ವಿವರಣೆ ಕೊಡಬೇಡಿ. "ಅದು ಯಾಕೆ ಹಾಗೆ ಮಾಡಿದೆ ಅಂದರೆ" ಅಂತ ಶುರು ಮಾಡಿದರೆ ಉಳಿದವರು ಮೆತ್ತಗಾಗಿಬಿಡುತ್ತಾರೆ, ಆಮೇಲೆ ಅವರ ಬಾಯಿಂದ ನಿಜ ಹೊರಡೋದಿಲ್ಲ. ಬರೆದುಕೊಳ್ಳಿ. ಒಬ್ಬರಿಗೆ ಮಾತ್ರ ಅನ್ನಿಸಿದ್ದನ್ನು ಹಾಗೇ ಇಟ್ಟುಕೊಂಡು ಒಂದು ವಾರ ನೋಡಿ. ಇಬ್ಬರು ಒಂದೇ ಜಾಗದಲ್ಲಿ ಎಡವಿದ್ದರೆ, ಕಾರಣ ಬೇರೆ ಬೇರೆ ಹೇಳಿದರೂ, ಆ ಜಾಗ ಬಿಚ್ಚಿ ನೋಡಲೇಬೇಕು. ತಿದ್ದಿದ ಫೈಲಿಗೆ ಹೊಸ ಹೆಸರು ಕೊಡಿ, ಹಳೆಯದನ್ನು ಅಳಿಸಬೇಡಿ.

ತಿದ್ದಿದ ಹಾಡು ಕೇಳುವಾಗ ಹೊಸ ತಪ್ಪು ಹುಡುಕಲು ಹೋಗಬೇಡಿ, ಸರಿ ಮಾಡಹೊರಟಿದ್ದು ಸರಿಯಾಯಿತಾ ಅಂತಷ್ಟೇ ನೋಡಿ. ಹಳೆಯದನ್ನೂ ಪಕ್ಕದಲ್ಲಿಟ್ಟುಕೊಂಡು ಎರಡನ್ನೂ ಒಂದೇ ಜೋರಿನಲ್ಲಿ ಕೇಳಬೇಕು. ಸದ್ದು ಕಡಿಮೆ ಇದ್ದಾಗ ತಗ್ಗಿನ ಸ್ವರಗಳು ಕಿವಿಗೆ ಇನ್ನೂ ಮಂದವಾಗಿ ಕೇಳಿಸುತ್ತವೆ ಅಂತ ಅಮೆರಿಕದ ಬೆಲ್ ಪ್ರಯೋಗಾಲಯದ ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಾಗಿ ಸ್ವಲ್ಪ ಜೋರಾಗಿರುವ ಹಾಡು ಯಾವಾಗಲೂ ತುಂಬಿಕೊಂಡ ಹಾಗೆ, ಚೆನ್ನಾಗಿರುವ ಹಾಗೆ ಕೇಳಿಸುತ್ತೆ. ಹುಡುಗ ಎರಡನೇ ಸಲ ತರುವಾಗ ಸುಮ್ಮನೆ ಜೋರು ಮಾಡಿಕೊಂಡು ಬಂದಿರುತ್ತಾನೆ. ಮೊದಲು ವಾಲ್ಯೂಮ್ ಇಳಿಸಿ, ಆಮೇಲೆ ಪ್ಲೇ ಒತ್ತಿ.